ಎರಿ ಮಣ್ಣಿಗೆ ಎಷ್ಟು ಸಿಸಿ?

ವಿಜಯಪುರದ ಜಲನಗರದ ಡಾಂಬರಿಗೂ ಬಬಲೇಶ್ವರದ ಹೊಲದ ದಾರಿಗೂ ಒಂದೇ ಬೈಕ್ ಬೇಕೆನ್ನುವವರು ಎಂಜಿನ್ನಿಗಿಂತ ಮೊದಲು ಮಡ್‌ಗಾರ್ಡ್ ನೋಡಬೇಕು. ಮಳೆಗೆ ನೆಂದ ಎರಿ ಮಣ್ಣು ಬಡ್ಡಿಸಾಲದಂತೆ; ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಹೊಕ್ಕಿತೆಂದರೆ ಸವಾರನೇ ಇಳಿದು ಬೈಕನ್ನು ಎಳೆಯಬೇಕು, ಜೊತೆಗೆ ಮಣ್ಣು ಕೀಳಲು ಕಡ್ಡಿ ಹುಡುಕಬೇಕು. 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200 ಬೈಕಿಗೆ ಮುಂದಿನ ಗಾಲಿ 21 ಇಂಚು, ಮಡ್‌ಗಾರ್ಡು ಗಾಲಿಯಿಂದ ಬಹಳ ಮೇಲೆ. ಮಣ್ಣಿಗೆ ಸಿಕ್ಕಿಕೊಳ್ಳಲು ಜಾಗ ಕಡಿಮೆ. ‘ಅಪ್ಪನ ಸ್ಪ್ಲೆಂಡರ್ ಎಲ್ಲಿಗೆ ಹೋಗಿಲ್ಲ?’ ಎಂಬ ಆಕ್ಷೇಪ ನಿಜವೇ, ಆದರೆ ಬೇಸಿಗೆಗೆ ಮಾತ್ರ. ಎಕ್ಸ್‌ಪಲ್ಸ್‌ನ ಸೀಟಿನ ಎತ್ತರ 800 ಮಿಲಿಮೀಟರ್ ದಾಟಿದ್ದರಿಂದ ಕುಳ್ಳಗಿದ್ದವರಿಗೆ ನೆಲ ಎಟುಕದು, ಮೇವಿನ ಹೊರೆ ಏರಿಸುವುದೂ ಕಷ್ಟ. ಇದು ಗಟ್ಟಿ ಆಕ್ಷೇಪ. ಹಾಗಾಗಿ ಗೋಳಗುಮ್ಮಟದ ಸುತ್ತ ಮೆರೆಯುವವರಿಗೆ ಸ್ಪ್ಲೆಂಡರೇ ಸಾಕು. ಶ್ರಾವಣದಲ್ಲೂ ಹೊಲಕ್ಕೆ ಹೋಗುವವರು ಮಾತ್ರ ಎತ್ತರದ್ದನ್ನು ಕೊಳ್ಳಲಿ.