ಮುರಿಯಲೊಲ್ಲದ ಗೆರೆ

ಮೂವತ್ತು–ನಲವತ್ತರ ಸೈಟು, ಆಟೋಕ್ಯಾಡ್‌ನಲ್ಲಿ ಮನೆಯ ಪ್ಲಾನು. ಸಜ್ಜಾ ತೋರಿಸಲು ತುಂಡು ತುಂಡಾಗಿ ಕಾಣಬೇಕಾದ ‘ಹಿಡನ್’ ಗೆರೆ ಎಳೆದರೆ, ಅದು ಊಟದ ಪಂಕ್ತಿಗೆ ನುಗ್ಗಿದ ನೆಂಟರಂತೆ ಸಂದೇ ಬಿಡದೆ ನಿಂತಿರುತ್ತದೆ. ಪಾಪ, ಗೆರೆಯದೇನೂ ತಪ್ಪಿಲ್ಲ. ಮಿಲಿಮೀಟರ್ ಲೆಕ್ಕದಲ್ಲಿ ಅದರ ತುಂಡು 6.35, ಸಂದು 3.175. ಒಂಬತ್ತು ಸಾವಿರ ಮಿಲಿಮೀಟರ್ ಗೋಡೆಯ ಪಕ್ಕ ಅದು ಯಾರ ಕಣ್ಣಿಗೆ ಬಿದ್ದೀತು?

ತುಂಡು-ಸಂದುಗಳನ್ನು ಹಿಗ್ಗಿಸಲು ಎಲ್‌ಟಿಸ್ಕೇಲ್ 50 ಎಂದು ಒತ್ತಿ. ಆಹಾ, ಗೆರೆ ತುಂಡಾಯಿತು! ಪ್ರಿಂಟಿಗೆಂದು ಲೇಔಟ್‌ಗೆ ಹೋದರೆ ಮತ್ತೆ ಅಖಂಡ. ಅಲ್ಲಿ ಪಿಎಸ್‌ಎಲ್‌ಟಿಸ್ಕೇಲ್ 1 ಇದ್ದರೆ ಅಳತೆ ಕಾಗದದ್ದು; ಒಂದೊಂದು ತುಂಡೂ ಒಂದಡಿಗಿಂತ ಉದ್ದ! ‘ಸಜ್ಜಾ ಎಲ್ರೀ?’ ಎಂದು ಮೇಸ್ತ್ರಿ ಕೇಳದಿದ್ದರೆ ಆಶ್ಚರ್ಯ.

ಮದ್ದು ಇಷ್ಟೇ: ಎಲ್‌ಟಿಸ್ಕೇಲ್, ಪಿಎಸ್‌ಎಲ್‌ಟಿಸ್ಕೇಲ್, ಮಾಡೆಲ್ ಕಡೆಯ ಎಂಎಸ್‌ಎಲ್‌ಟಿಸ್ಕೇಲ್ ಮೂರನ್ನೂ 1ಕ್ಕಿಟ್ಟು, ಅನೊಟೇಶನ್ ಸ್ಕೇಲ್ ಸರಿಪಡಿಸಿ, ರೀಜೆನ್‌ಆಲ್ ಕೊಡಿ. ಆಮೇಲೂ ಮುರಿಯದಿದ್ದರೆ ಆ ಗೆರೆಯ ಪ್ರಾಪರ್ಟೀಸ್ ತೆಗೆದು ನೋಡಿ. ಯಾರೋ ಅದಕ್ಕೊಂದು ಪ್ರತ್ಯೇಕ ಸ್ಕೇಲ್ ಕೊಟ್ಟಿರಬಹುದು.