ಡೌನ್‌ಲೈನ್ ಓಡಿಹೋಗದಂತೆ ಕಾಯುವುದು ಹೇಗೆ?

ಚೈನ್‌ಲಿಂಕ್ ವ್ಯವಹಾರಕ್ಕೆ ಜನರನ್ನು ಸೇರಿಸುವುದು ಕಷ್ಟವಲ್ಲ. ಒಂದು ಟೈ, ಬೇರೆಯವರ ಕಾರಿಗೆ ಒರಗಿ ತೆಗೆಸಿಕೊಂಡ ಫೋಟೋ, "ಸಂಜೆ ಫ್ರೀ ಇದ್ದೀರಾ ಸರ್, ಒಂದು ಒಳ್ಳೇ ವಿಷಯ ಮಾತಾಡೋದಿತ್ತು" ಎಂಬ ಫೋನು, ಇಷ್ಟಿದ್ದರೆ ಸಾಕು. ವಿಷಯವೇನೆಂದು ಮಾತ್ರ ಫೋನಿನಲ್ಲಿ ಹೇಳಬಾರದು. ಕಂಪನಿಯ ಹೆಸರಂತೂ ಬಾಯಿಗೆ ಬರಲೇಬಾರದು. ಹೆಸರು ಹೇಳಿದರೆ ಗಿರಾಕಿ ಬರುವುದಿಲ್ಲ ಎನ್ನುವಷ್ಟು ಹೆಸರು ಮಾಡಿದ ಉದ್ಯಮ ಇದೊಂದೇ ಇರಬೇಕು.

ಕಷ್ಟವಿರುವುದು ಆಮೇಲೆ. ಮೀಟಿಂಗಿನಲ್ಲಿ ಚಪ್ಪಾಳೆ ತಟ್ಟಿ, ಕನಸಿನ ಬಂಗಲೆಯ ಚಿತ್ರವನ್ನು ಬೀರುವಿನ ಬಾಗಿಲಿಗೆ ಅಂಟಿಸಿಕೊಂಡ ಹೊಸಬ, ಅಂದರೆ ಡೌನ್‌ಲೈನ್, ನಾಲ್ಕಾರು ತಿಂಗಳಲ್ಲಿ ಫೋನು ಎತ್ತುವುದನ್ನೇ ನಿಲ್ಲಿಸುತ್ತಾನೆ. ಪಾರ್ಟಿಹಾಲಿಗೆ ಬಾಡಿಗೆ ಕಟ್ಟಿ, ಕಾಫಿ ಕುಡಿಸಿ, ಪ್ಲಾನ್ ತೋರಿಸಿ ಅವನನ್ನು ಸೇರಿಸಿದ ಅಪ್‌ಲೈನ್ ತನ್ನ ಸಂಕಟವನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು? ಅಂಥ ನೊಂದ ಮಹನೀಯರ ಉಪಯೋಗಕ್ಕೆಂದು ಈ ಕೆಲವು ಸಲಹೆಗಳು. ಫೀಸಿಲ್ಲ.

ಮೊದಲನೆಯದಾಗಿ, ಹೊಸಬನ ಕೈಗೆ ಕ್ಯಾಲ್ಕುಲೇಟರ್ ಸಿಗದಂತೆ ನೋಡಿಕೊಳ್ಳಿ. "ನೀವು ಆರು ಜನರನ್ನು ತನ್ನಿ, ಅವರು ತಲಾ ಆರು ಜನರನ್ನು ತರಲಿ" ಎಂದು ಬೋರ್ಡಿನ ಮೇಲೆ ಸೊನ್ನೆ ಸುತ್ತುತ್ತೀರಲ್ಲ, ಮೂರನೇ ಸಾಲಿಗೆ ಪೆನ್ನಿನ ಕ್ಯಾಪ್ ಹಾಕಿಬಿಡಿ. ಯಾವನೋ ಮಗ್ಗಿ ಬಲ್ಲವನು ಲೆಕ್ಕ ಮುಂದುವರಿಸಿದರೆ ಹತ್ತನೇ ಸಾಲೊಂದಕ್ಕೇ 6,04,66,176 ಜನ ಬೇಕಾಗುತ್ತಾರೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಒಟ್ಟು ಜನಸಂಖ್ಯೆ 6,10,95,297. ಅಂದರೆ ಬೀದರಿನಿಂದ ಚಾಮರಾಜನಗರದವರೆಗೆ, ತೊಟ್ಟಿಲ ಕೂಸುಗಳೂ ಸೇರಿದಂತೆ ಹೆಚ್ಚುಕಡಿಮೆ ಎಲ್ಲರೂ ಹತ್ತನೇ ಸಾಲಿನಲ್ಲಿ ಕೂತು ಪ್ರೋಟೀನ್ ಪುಡಿ ಮಾರಬೇಕು. ಮೇಲಿನ ಒಂಬತ್ತು ಸಾಲಿಗೆ ಬೇಕಾದ ಒಂದು ಕೋಟಿ ಇಪ್ಪತ್ತು ಲಕ್ಷ ಅಪ್‌ಲೈನ್‌ಗಳನ್ನು ಪಕ್ಕದ ರಾಜ್ಯಗಳಿಂದ ತರಿಸಬೇಕು. ಕೊಳ್ಳಲು ಉಳಿಯುವವರು ಬರೀ ಆರು ಲಕ್ಷ ಚಿಲ್ಲರೆ. ಒಬ್ಬೊಬ್ಬ ಗಿರಾಕಿಯ ಬೆನ್ನಿಗೆ ತೊಂಬತ್ತಾರು ಮಂದಿ ಡಬ್ಬಿ ಹಿಡಿದು ಓಡಬೇಕು. ವ್ಯಾಯಾಮವಾಗುತ್ತದೆ, ಆ ಮಟ್ಟಿಗೆ ಇದು ಆರೋಗ್ಯ ಉತ್ಪನ್ನವೇ ಸರಿ.

ದುಡ್ಡು ಬರಲಿಲ್ಲವೆಂದು ಹೊಸಬ ಗೊಣಗಿದರೆ ತಪ್ಪನ್ನು ಅವನ ತಲೆಗೇ ಕಟ್ಟಿ. ಪ್ಲಾನ್ ಯಾವತ್ತೂ ಸೋಲುವುದಿಲ್ಲ, ಸೋಲುವುದು ಅವನ 'ಬಿಲೀಫ್'. "ತಿಂಗಳ ಸಂಬಳ ಎಲ್ಲಿಗೆ ಹೋಗ್ತಿದೆ ರೀ?" ಎಂದು ಹೆಂಡತಿ ಕೇಳಿದರೆ ಅವಳು 'ನೆಗೆಟಿವ್'. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತರಾದ ಅಪ್ಪ ಪಾಸ್‌ಬುಕ್ ನೋಡಿ ಹುಬ್ಬು ಗಂಟಿಕ್ಕಿದರೆ ಅವರೂ 'ನೆಗೆಟಿವ್'. ಹೀಗೆ ಕೂಡಿಸು ಕಳೆ ಬಲ್ಲವರನ್ನೆಲ್ಲ ಅವನಿಂದ ದೂರವಿಟ್ಟ ಮೇಲೆ ಉಳಿಯುವ ಏಕೈಕ 'ಪಾಸಿಟಿವ್' ಮನುಷ್ಯ ನೀವು. ಭಾನುವಾರದ ಸೆಮಿನಾರಿನ ಟಿಕೆಟ್ಟನ್ನು ಆಗ ಮಾರಿ.

ಆದರೆ ಇವೆಲ್ಲ ಸಣ್ಣ ಉಪಾಯಗಳು. ಈ ಧಂದೆಯ ನಿಜವಾದ ಜಾಣತನವಿರುವುದು ನೂರು ಹೆಸರಿನ ಪಟ್ಟಿಯಲ್ಲಿ. ಸೇರಿದ ಮೊದಲ ವಾರವೇ ಬರೆಸುತ್ತೀರಿ: ಚಿಕ್ಕಪ್ಪನ ಮಗ, ಭಾವಮೈದ, ಸೋದರತ್ತೆ, ಹೈಸ್ಕೂಲಿನ ಗೆಳೆಯ, ಕೆಳಗಿನ ಮನೆಯವರು. ಹೊಸಬನಿಗೆ ಅದು ಗಿರಾಕಿಗಳ ಪಟ್ಟಿಯಂತೆ ಕಾಣುತ್ತದೆ, ಆದರೆ ಅವನಿಗೆ ಜಾಮೀನು ನಿಂತವರ ಪಟ್ಟಿ ಅದು. ಭಾವಮೈದನ ಕೈಯಲ್ಲಿ ಹತ್ತು ಸಾವಿರದ ಸಾಮಾನು ಕೊಳ್ಳಿಸಿದ ಮೇಲೆ "ಇದು ಮೋಸ" ಎಂದು ಹೇಳುವ ಹಕ್ಕನ್ನು ಆತ ಕಳೆದುಕೊಳ್ಳುತ್ತಾನೆ. ಸೀಮಂತದ ಊಟಕ್ಕೆ ಹೋದರೆ ಪಂಕ್ತಿಯ ನಡುವೆಯೇ ಪ್ರಶ್ನೆ: "ಭಾವ, ಆ ಕ್ಯಾಲ್ಸಿಯಂ ಡಬ್ಬಿ ಇನ್ನೂ ಮೂರು ಹಾಗೇ ಇದೆ, ವಾಪಸ್ ತಗೋತಾರಾ?" ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ಇನ್ನಾರು ತಿಂಗಳು ಕಂಪನಿಯಲ್ಲಿರುವುದೇ ವಾಸಿ ಎನಿಸುತ್ತದೆ. ಇದಕ್ಕೆ ನೀವು 'ಕಮಿಟ್‌ಮೆಂಟ್' ಎಂದು ವೇದಿಕೆಯ ಮೇಲೆ ಶಾಲು ಹೊದಿಸುತ್ತೀರಿ.

ಅಷ್ಟಾಗಿಯೂ ಬಿಟ್ಟುಹೋದನೇ? ಹೋಗಲಿ ಬಿಡಿ. ಅವನ ದುಡ್ಡು ಬಂದಾಗಿದೆ, ನೆಂಟರ ನಂಬರುಗಳೂ ಬಂದಿವೆ. ಉಳಿಸಿಕೊಳ್ಳಬೇಕಾದದ್ದು ಪಟ್ಟಿ ಖಾಲಿಯಾಗುವ ತನಕ ಮಾತ್ರ ಎಂಬುದು ಮೇಲಿನ ಹಂತದ ಬಿರುದು ಪಡೆದ ಡೈಮಂಡ್‌ಗಳಿಗೆ ಗೊತ್ತು. ಗೊತ್ತಿಲ್ಲದವರು ಡೈಮಂಡ್ ಆಗುವುದಿಲ್ಲ.

ಕಾನೂನಿನ ವಿಷಯದಲ್ಲಿ ಎಚ್ಚರ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನೇರ ಮಾರಾಟ ನಿಯಮಗಳ ಪ್ರಕಾರ ಸೇರುವುದಕ್ಕೆ ಶುಲ್ಕ ಕೇಳುವಂತಿಲ್ಲ, ಪಿರಮಿಡ್ ಯೋಜನೆ ನಡೆಸುವಂತಿಲ್ಲ. ಸೇರಿದವನಿಗೆ ಯೋಚಿಸಿ ದಂಡವಿಲ್ಲದೆ ಹಿಂದೆ ಸರಿಯಲು ಅವಧಿಯನ್ನೂ ಕೊಡಬೇಕು. ಹೊಸಬನನ್ನು ಕಳೆದುಕೊಳ್ಳುವ ಆಸೆಯಿದ್ದರೆ ಇದನ್ನು ಓದಿ ಹೇಳಿ. ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ 1978ರಿಂದಲೇ ಇದೆ. ಮೂರು ವರ್ಷದವರೆಗೆ ಜೈಲು ಎಂದಿರುವುದು ಸ್ವಲ್ಪ ಗಾಬರಿ ಹುಟ್ಟಿಸಬಹುದು, ಆದರೆ ದಂಡದ ಮಿತಿ ಐದು ಸಾವಿರ ರೂಪಾಯಿ. ಭಾವಮೈದ ಕೊಂಡ ಸಾಮಾನಿನ ಅರ್ಧ ಬೆಲೆ!

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನವರಂತೂ ನಿಮ್ಮ ಕಡುವೈರಿಗಳು. ಇಂಥ 70 ಕಂಪನಿಗಳು ತಾವೇ ಪ್ರಕಟಿಸಿದ್ದ ಆದಾಯದ ವಿವರಗಳನ್ನು ಜಾಲಾಡಿ 2024ರಲ್ಲಿ ವರದಿ ಕೊಟ್ಟರು. ಸೇರಿದವರಲ್ಲಿ ಬಹುಪಾಲು ಜನರ ಗಳಿಕೆ ವರ್ಷಕ್ಕೆ ಸಾವಿರ ಡಾಲರ್ ಅಥವಾ ಅದಕ್ಕಿಂತ ಕಡಿಮೆ. ಕನಿಷ್ಠ 17 ಕಂಪನಿಗಳಲ್ಲಿ ಹೆಚ್ಚಿನವರಿಗೆ ಬಿಡಿಗಾಸೂ ಸಿಕ್ಕಿರಲಿಲ್ಲ. ಡಾಲರಿನ ನಾಡಿನಲ್ಲೇ ಹೀಗಾದರೆ ದಾವಣಗೆರೆಯ ಹೊಸಬನಿಗೆ ಏನು ಹೇಳುವುದು? ಏನೂ ಹೇಳಬೇಡಿ.

ಇನ್ನು ಸಂಜೆಯ ಫೋನು ಬಂದಿರುವ ಓದುಗರಿಗೆ ಒಂದು ಮಾತು. ಹೋಗುವುದಾದರೆ ಹೋಗಿ, ಕಾಫಿ ಚೆನ್ನಾಗಿರುತ್ತದೆ. ಪ್ಲಾನ್ ಮುಗಿದ ಮೇಲೆ ವೇದಿಕೆಯ ಮೇಲಿರುವ ಡೈಮಂಡ್ ಸಾಹೇಬರ ಹತ್ತಿರ ಎರಡೇ ಕಾಗದ ಕೇಳಿ: ಹೋದ ವರ್ಷ ತುಂಬಿದ ಆದಾಯ ತೆರಿಗೆ ರಿಟರ್ನು, ಮತ್ತು ಅವರ ಕಮಿಷನ್ನಿನಲ್ಲಿ ಟಿಡಿಎಸ್ ಹಿಡಿದ ವಿವರ. ಅವರು ಅವನ್ನು ತೋರಿಸುವ ತನಕ ನಿಮ್ಮ ನೆಂಟರ ನಂಬರು ಕೊಡಬೇಡಿ.