ತೋಡಿಗೆ ಇಸ್ತ್ರಿ

ಪಕ್ಕದ ಮನೆಯ ಹುಡುಗಿ ಕರ್ನಾಟಕ ಸಂಗೀತದಲ್ಲಿ ಎಂ.ಎ. ಓದುತ್ತಿದ್ದಾಳೆ. “ಹಾಡೋಕೂ ಪರೀಕ್ಷೆ ಬರೀಬೇಕೇನಮ್ಮಾ?” ಅಂತ ಬೀದಿಯವರ ಬೆರಗು. ಬರೀಬೇಕು ಸ್ವಾಮಿ! 72 ಮೇಳಕರ್ತ ರಾಗಗಳಿಗೆ ಅಕ್ಷರದಿಂದ ಅಂಕಿ ತೆಗೆಯುವ ಕಟಪಯಾದಿ ಲೆಕ್ಕ: ಮಾಯಾಮಾಳವಗೌಳದ ‘ಮಾ’ ಅಂದರೆ 5, ‘ಯಾ’ ಅಂದರೆ 1, ತಿರುಗಿಸಿ ಓದಿದರೆ 15ನೆಯ ಮೇಳ. ಖರಹರಪ್ರಿಯ ಮಾತ್ರ ತಿರುಗಿಸಿದರೂ 22, ತಿರುಗಿಸದಿದ್ದರೂ 22. ಸೋಮಾರಿಗಳ ಪಾಲಿನ ದೇವರು!

ಪ್ರಾಯೋಗಿಕ ಪರೀಕ್ಷೆಯಲ್ಲಿ ಮೊಬೈಲೇ ತಂಬೂರಿ. ಪಲ್ಲವಿ ಎತ್ತಿಕೊಳ್ಳುವ ಹೊತ್ತಿಗೆ ಸರಿಯಾಗಿ ಸಾಲ ಕೊಡುವವರ ಕರೆ.

ಇನ್ನು ತಂತ್ರಜ್ಞಾನ. ತೋಡಿ ರಾಗದ ಗಾಂಧಾರ ತೂಗಾಡಿದರೇ ಚೆಂದ. ಸ್ವರ ತಿದ್ದುವ ಆಟೋಟ್ಯೂನ್‌ಗೆ ಆ ಗಮಕವೇ ಅಪಸ್ವರ. ಇವಳ ಧ್ವನಿಮುದ್ರಣವನ್ನು ಅದು ನೀಟಾಗಿ ಇಸ್ತ್ರಿ ಮಾಡಿಕೊಟ್ಟಿತು. ಮೇಷ್ಟ್ರು ಕಣ್ಮುಚ್ಚಿ ಪೂರ್ತಿ ಕೇಳಿ ಅಂದರು: “ಹಾರ್ಮೋನಿಯಂ ಪರವಾಗಿಲ್ಲ. ನೀನು ಯಾವಾಗ ಹಾಡ್ತೀಯಮ್ಮಾ?”